ಮೊದಲು ಬಾಚಿ, ಆಮೇಲೆ ಕತ್ತರಿಸಿ
ಶಿಟ್ಜು, ಲಾಸಾ ಆಪ್ಸೊ, ಪೂಡಲ್ ಸಾಕಿದವರಲ್ಲಿ ಅನೇಕರು ಈಗ ಮನೆಯಲ್ಲೇ ಕ್ಲಿಪ್ಪರ್ ಹಿಡಿಯುತ್ತಿದ್ದಾರೆ. ಅವರಿಗೆ ನಿಜವಾಗಿ ನೆರವಾಗುವುದು ಬ್ಲೇಡಿನ ಮೇಲೆ ಕೂರಿಸುವ ಬಾಚಣಿಗೆ, ಅಂದರೆ ಗಾರ್ಡ್ ಕೋಂಬ್. 10ನೇ ನಂಬರಿನ ಬ್ಲೇಡ್ ಒಂದೇ ಓಡಿದರೆ ಉಳಿಯುವ ಕೂದಲು ಸುಮಾರು ಒಂದೂವರೆ ಮಿಲಿಮೀಟರ್; 30ನೆಯದಾದರೆ ಅರ್ಧ ಮಿಲಿಮೀಟರ್. ಅದರ ಮೇಲೆ ಬಾಚಣಿಗೆ ಕೂರಿಸಿದರೆ 3ರಿಂದ 25 ಮಿಲಿಮೀಟರ್‌ವರೆಗೆ ಬೇಕಾದಷ್ಟು ಉದ್ದ ಉಳಿಸಬಹುದು. ಆದರೆ ಅದು ಸಿಕ್ಕು ಬಿಡಿಸುವ ಸಾಧನವಲ್ಲ. ಸ್ನಾನ ಮಾಡಿಸಿ, ಪೂರ್ತಿ ಒಣಗಿಸಿ, ಬುಡದವರೆಗೆ ಬಾಚಿದ ಕೂದಲಿನಲ್ಲಷ್ಟೇ ಅದು ಸರಾಗವಾಗಿ ಸಾಗುತ್ತದೆ. ಗಂಟಿಗೆ ಸಿಕ್ಕಿಕೊಂಡಾಗ ಬಲ ಹಾಕಿ ತಳ್ಳಿದರೆ ಚರ್ಮ ಜಗ್ಗಿ ನಾಯಿಗೆ ನೋವಾಗುತ್ತದೆ. ಬಾಚಣಿಗೆ ಕಳಚಿಕೊಂಡರಂತೂ ಬೆನ್ನ ಮೇಲೆ ಬೋಳು ಪಟ್ಟಿ ಬೀಳುತ್ತದೆ. ಮೊದಲು ಉದ್ದ ಉಳಿಸುವ ಬಾಚಣಿಗೆಯಿಂದಲೇ ಶುರು ಮಾಡಿ, ಕೂದಲು ಬೆಳೆದ ದಿಕ್ಕಿನಲ್ಲೇ ನಿಧಾನವಾಗಿ ಸಾಗಿ. ಕಂಕುಳು, ತೊಡೆಸಂದು, ಕಿವಿಯಂಚಿನ ಚರ್ಮ ತೀರ ತೆಳು. ಅಲ್ಲಿ ಚರ್ಮವನ್ನು ಮೃದುವಾಗಿ ಬಿಗಿಹಿಡಿಯಿರಿ. ಆಗಾಗ ಬ್ಲೇಡನ್ನು ಮಣಿಕಟ್ಟಿಗೆ ತಾಗಿಸಿ ನೋಡಿ, ಬಿಸಿಯಾಗಿದ್ದರೆ ನಿಲ್ಲಿಸಿ. ಲ್ಯಾಬ್ರಡಾರ್, ಜರ್ಮನ್ ಶೆಫರ್ಡ್‌ನಂಥ ಎರಡು ಪದರ ಕೂದಲಿನ ನಾಯಿಗಳನ್ನು ಬೇಸಿಗೆಯೆಂದು ಬೋಳಿಸಬೇಡಿ; ಬಿಸಿಲಿನಿಂದ ಅವುಗಳ ಚರ್ಮವನ್ನು ಕಾಯುವುದೇ ಆ ಕೂದಲು. ನಮ್ಮ ಮುಧೋಳ ನಾಯಿಗಂತೂ ಕ್ಲಿಪ್ಪರಿನ ಗೊಡವೆಯೇ ಇಲ್ಲ, ಒಂದು ಮೆತ್ತನೆಯ ಬ್ರಷ್ ಸಾಕು. ಉದ್ದ ಕೂದಲಿನ ನಾಯಿ ತಂದವರು ಮಾತ್ರ ದಿನಾ ಹತ್ತು ನಿಮಿಷ ಬಾಚಲು ಮೀಸಲಿಡಿ. ಕ್ಲಿಪ್ಪರಿನ ಅರ್ಧ ಕೆಲಸ ಅಲ್ಲೇ ಮುಗಿಯುತ್ತದೆ.