ಯಂತ್ರದ ಸಾಕ್ಷ್ಯ

ಯಂತ್ರವು ಸುಳ್ಳಾಡದೆಂಬುದು ಲೋಕದ ನಂಬಿಕೆ. ಈ ನಂಬಿಕೆಗೆ ಬ್ರಿಟನ್ನಿನ ಜನ ತೆತ್ತ ಬೆಲೆಯನ್ನು ನಮ್ಮ ತರುಣ ವಾಚಕರು ಅರಿಯಬೇಕು.

ಅಲ್ಲಿನ ಅಂಚೆ ಕಚೇರಿಗಳಲ್ಲಿ 1999ರಿಂದ ‘ಹೊರೈಜನ್’ ಎಂಬ ಕಂಪ್ಯೂಟರ್ ವ್ಯವಸ್ಥೆ ಲೆಕ್ಕವಿಡತೊಡಗಿತು. ಅದು ತೋರಿಸಿದಷ್ಟು ಹಣ ಪೆಟ್ಟಿಗೆಯಲ್ಲಿ ಇಲ್ಲದಿದ್ದಾಗ, ಅಂಚೆ ಸಂಸ್ಥೆಯು ಶಾಖೆ ನಡೆಸುತ್ತಿದ್ದವರನ್ನೇ ಕಳ್ಳರೆಂದು ನ್ಯಾಯಾಲಯಕ್ಕೆಳೆಯಿತು. ನೂರಾರು ಮಂದಿ ಅಪರಾಧಿಗಳೆನಿಸಿದರು; ಕೆಲವರು ಸೆರೆಮನೆಯನ್ನೂ ಕಂಡರು. ಕಂಪ್ಯೂಟರು ಸರಿಯಾಗಿ ಕೆಲಸಮಾಡುತ್ತಿತ್ತೆಂದು ತೋರಿಸಿದ ಮೇಲೆಯೇ ಅದರ ಸಾಕ್ಷ್ಯವನ್ನು ಸ್ವೀಕರಿಸಬೇಕೆಂಬ 1984ರ ನಿಯಮವನ್ನು 1999ರ ಕಾಯಿದೆಯೊಂದು ತೆಗೆದುಹಾಕಿತ್ತು. ಆ ಬಳಿಕ ಯಂತ್ರ ಸರಿಯೆಂದೇ ಭಾವಿಸಲಾಯಿತು. ತಪ್ಪೆನ್ನುವವನೇ ಆಧಾರ ಒದಗಿಸಬೇಕಾಯಿತು. ಯಂತ್ರದ ಒಳಗನ್ನೇ ಕಾಣದವನು ಅದನ್ನು ಒದಗಿಸುವುದೆಂತು?

2019ರ ಡಿಸೆಂಬರಿನಲ್ಲಿ ನ್ಯಾಯಮೂರ್ತಿ ಫ್ರೇಸರ್ ಅವರು ಹೊರೈಜನ್‌ನಲ್ಲಿ ದೋಷಗಳಿದ್ದುವೆಂದು ತೀರ್ಪಿತ್ತರು. ಸಂಸ್ಥೆಯ ನಿರಾಕರಣೆಯನ್ನು ಭೂಮಿ ಚಪ್ಪಟೆಯೆಂಬ ವಾದಕ್ಕೆ ಹೋಲಿಸಿದರು. 2021ರ ಏಪ್ರಿಲಿನಲ್ಲಿ ಮೇಲ್ಮನವಿ ನ್ಯಾಯಾಲಯವು 39 ಮಂದಿಯ ಮೇಲಿನ ಅಪರಾಧ ನಿರ್ಣಯವನ್ನು ರದ್ದುಗೊಳಿಸಿತು. 2024ರಲ್ಲಿ ಪಾರ್ಲಿಮೆಂಟೇ ಕಾಯಿದೆಮಾಡಿ ಇನ್ನೂ ನೂರಾರು ಮಂದಿಯ ಕಳಂಕವನ್ನು ತೊಡೆಯಿತು. ಅಷ್ಟರಲ್ಲಿ ಕೆಲವರು ತೀರಿಕೊಂಡಿದ್ದರು.

ತಕ್ಕಡಿಯನ್ನು ಪರೀಕ್ಷಿಸದೆ ತೂಕವನ್ನು ಬರೆದುಕೊಳ್ಳುವ ವಿದ್ಯಾರ್ಥಿಯನ್ನು ಯಾವ ಅಧ್ಯಾಪಕರೂ ಮೆಚ್ಚರು. ಪ್ರಯೋಗಶಾಲೆಯಲ್ಲಿ ಸಲ್ಲದ ನಂಬಿಕೆ ನ್ಯಾಯಾಲಯದಲ್ಲಿಯೂ ಸಲ್ಲದು. ಯಂತ್ರದ ಸಾಕ್ಷ್ಯವನ್ನು ಮುಂದಿಡುವವನು ಅದರ ದೋಷಗಳ ದಾಖಲೆಯನ್ನೂ ಮುಂದಿಡಬೇಕೆಂಬುದು ನಮ್ಮ ಅಭಿಪ್ರಾಯ. ನಾಳೆ ಇಂಥ ಯಂತ್ರಗಳನ್ನು ಕಟ್ಟುವವರೂ ತೀರ್ಪು ಕೊಡುವವರೂ ಇಂದಿನ ವಿದ್ಯಾರ್ಥಿಗಳೇ. ಪ್ರಶ್ನಿಸುವ ಅಭ್ಯಾಸ ಅವರಿಗೆ ಈಗಲೇ ಬರಲಿ.