ಗಾನಪೆಟ್ಟಿಗೆಗೆ ಕಣ್ಣು ಬಂದಾಗ

ಕಿವಿಗೊಂದು ಸೌಕರ್ಯ ದೊರೆತರೆ ಕಣ್ಣು ಸುಮ್ಮನಿರುವುದಿಲ್ಲ. ರೇಡಿಯೋ ಮನೆಯನ್ನು ಹೊಕ್ಕ ಬೆನ್ನಿಗೇ ದೂರದರ್ಶನವೂ ಬಂದು ನಡುಮನೆಯಲ್ಲಿ ಪ್ರತಿಷ್ಠಾಪಿತವಾಯಿತು. ಕಿಸೆಯಲ್ಲಿಟ್ಟುಕೊಳ್ಳುವ ಗಾನಪೆಟ್ಟಿಗೆಯ ಕಥೆಯೂ ಅದೇ. ಅಮೆರಿಕದ ಆಪಲ್ ಸಂಸ್ಥೆ 2001ರ ಅಕ್ಟೋಬರ್ 23ರಂದು ಐಪಾಡ್ ಎಂಬ ಯಂತ್ರವನ್ನು ಜಗತ್ತಿನ ಮುಂದಿಟ್ಟಾಗ, ಸಾವಿರ ಹಾಡುಗಳು ಕಿಸೆಯಲ್ಲಿರುತ್ತವೆ ಎಂಬುದೊಂದೇ ಅದರ ಹೆಗ್ಗಳಿಕೆಯಾಗಿತ್ತು. ಮೂರು ವರ್ಷ ತುಂಬಿತೋ ಇಲ್ಲವೋ, 2004ರ ಅಕ್ಟೋಬರ್ 26ರಂದು ಕ್ಯಾಲಿಫೋರ್ನಿಯದ ಸ್ಯಾನ್ ಹೋಸೆ ನಗರದಲ್ಲಿ ಸ್ಟೀವ್ ಜಾಬ್ಸ್ ಅವರು ‘ಐಪಾಡ್ ಫೋಟೋ’ವನ್ನು ಪ್ರದರ್ಶಿಸಿದರು. ಹಾಡುತ್ತಿದ್ದ ಪೆಟ್ಟಿಗೆಗೆ ಕಣ್ಣು ಮೂಡಿತು.

ಬೆಲೆಯೇನೂ ಕಡಿಮೆಯಿರಲಿಲ್ಲ. 40 ಗಿಗಾಬೈಟಿನದಕ್ಕೆ 499 ಡಾಲರು, 60 ಗಿಗಾಬೈಟಿನದಕ್ಕೆ 599. ದೊಡ್ಡದರಲ್ಲಿ 15,000 ಹಾಡುಗಳನ್ನು ಇಲ್ಲವೆ 25,000 ಚಿತ್ರಗಳನ್ನು ತುಂಬಬಹುದೆಂದು ತಯಾರಕರು ಸಾರಿದರು. (ಅಷ್ಟು ಚಿತ್ರಗಳನ್ನು ನೋಡಿ ಮುಗಿಸುವ ತಾಳ್ಮೆಯನ್ನು ಮಾತ್ರ ಕೊಂಡವರೇ ಒದಗಿಸಿಕೊಳ್ಳಬೇಕಾಗಿತ್ತು.) ಹಾಡನ್ನಷ್ಟೇ ಕೇಳಿದರೆ ವಿದ್ಯುತ್ಕೋಶ 15 ಗಂಟೆ ಬಾಳುವುದೆಂದೂ, ಹಾಡಿನೊಡನೆ ಚಿತ್ರಗಳನ್ನೂ ತೋರಿಸತೊಡಗಿದರೆ 5 ಗಂಟೆಗೇ ಸೋಲುವುದೆಂದೂ ಅವರೇ ಒಪ್ಪಿಕೊಂಡಿದ್ದರು. ಕಣ್ಣಿನ ಸೇವೆ ಯಾವಾಗಲೂ ದುಬಾರಿಯೇ.

ಅದರ ತೆರೆ ಮೂಲೆಯಿಂದ ಮೂಲೆಗೆ ಕೇವಲ ಎರಡು ಅಂಗುಲ. ಬೆಂಕಿಪೊಟ್ಟಣದ ಮುಖಕ್ಕಿಂತ ಹಿರಿದಲ್ಲ. ಮದುವೆಯ ಗುಂಪುಚಿತ್ರವನ್ನು ಅದರಲ್ಲಿ ನೋಡಿದರೆ ಬೀಗರು ಯಾರು, ಬಾಣಸಿಗ ಯಾರು ಎಂದು ತಿಳಿಯುವುದು ಕಷ್ಟ. ಆದರೆ ಯಂತ್ರದ ನಿಜವಾದ ಗುಣ ಆ ತೆರೆಯಲ್ಲಿರಲಿಲ್ಲ, ಜೊತೆಯಲ್ಲಿ ಬರುತ್ತಿದ್ದ ತಂತಿಯಲ್ಲಿತ್ತು. ಅದನ್ನು ಟೆಲಿವಿಷನ್ನಿಗೆ ಸಿಕ್ಕಿಸಿದರೆ ಚಿತ್ರಗಳು ದೊಡ್ಡ ತೆರೆಯ ಮೇಲೆ ಒಂದಾದ ಮೇಲೊಂದು ಮೂಡುತ್ತಿದ್ದವು. ಹಿನ್ನೆಲೆಗೆ ಒಡೆಯನು ಆರಿಸಿದ ಹಾಡು. ಅಷ್ಟರಲ್ಲಿ ಕೈಯಲ್ಲಿದ್ದ ಚಿಕ್ಕ ತೆರೆ ಮುಂದೆ ಬರಲಿರುವ ಚಿತ್ರವನ್ನು ಅವನಿಗೊಬ್ಬನಿಗೇ ತೋರಿಸುತ್ತಿತ್ತು. ನೆಂಟರ ಮನೆಗೆ ಗಣಕಯಂತ್ರವನ್ನು ಹೊತ್ತೊಯ್ಯದೆ, ಆಲ್ಬಮ್ಮನ್ನೂ ಕಂಕುಳಲ್ಲಿ ಇರುಕಿಕೊಳ್ಳದೆ, ಮಗುವಿನ ಮೊದಲ ಹುಟ್ಟುಹಬ್ಬವನ್ನು ಹತ್ತು ಜನರಿಗೆ ಒಮ್ಮೆಗೇ ತೋರಿಸುವ ಈ ಅನುಕೂಲ ಸಾಮಾನ್ಯವಾದುದೇನಲ್ಲ. ತಲೆಗೊಂದು ತೆರೆಯನ್ನು ಹಿಡಿದು ಎಲ್ಲರೂ ಬಗ್ಗಿ ಕುಳಿತಿರುವ ಇಂದಿನ ಮನೆಗಳನ್ನು ಕಂಡಾಗ, ಆ ಒಂದು ತಂತಿ ಕೂಡಿಸುತ್ತಿದ್ದ ಗುಂಪು ಹೆಚ್ಚು ಸುಖದ ಗುಂಪಾಗಿತ್ತೆಂದು ತೋರುತ್ತದೆ.

ಇಷ್ಟಾದರೂ ಪೆಟ್ಟಿಗೆಯಲ್ಲಿ ಇದ್ದುದು ಚಿತ್ರವೋ, ಚಿತ್ರದ ನೆರಳೋ? ಇದನ್ನು ಕೇಳಿದವರು ವಿರಳ. ಆ ತೆರೆಯಲ್ಲಿದ್ದ ಬಿಂದುಗಳು ಅಡ್ಡಕ್ಕೆ 220, ಉದ್ದಕ್ಕೆ 176, ಒಟ್ಟು 38,720. ಐವತ್ತು ಲಕ್ಷ ಬಿಂದುಗಳ ಕ್ಯಾಮರಾದಿಂದ ತೆಗೆದ ಚಿತ್ರವೊಂದು ಅಲ್ಲಿ ಕಾಣಿಸಿಕೊಳ್ಳಬೇಕಾದರೆ ತನ್ನ ನೂರರಲ್ಲೊಂದು ಪಾಲಿಗಿಂತಲೂ ಕಡಿಮೆಗೆ ಕುಗ್ಗಬೇಕು. ಆ ಕುಗ್ಗಿಸುವ ಕೆಲಸವನ್ನು ಐಟ್ಯೂನ್ಸ್ ಎಂಬ ತಂತ್ರಾಂಶ ಗಣಕಯಂತ್ರದಲ್ಲಿಯೇ ಮುಗಿಸಿ, ಸಣ್ಣ ಪ್ರತಿಗಳನ್ನು ತನ್ನದೇ ಆದ ಕಡತಗಳಲ್ಲಿ ಕಟ್ಟಿ ಪೆಟ್ಟಿಗೆಗೆ ಕಳುಹಿಸುತ್ತಿತ್ತು. ಮೂಲಚಿತ್ರವೂ ಬೇಕೆನ್ನುವವರು ಅದನ್ನು ಪ್ರತ್ಯೇಕವಾಗಿ ಕೇಳಿ ಪಡೆಯಬೇಕಾಗಿತ್ತು. ಇನ್ನೂ ಒಂದು ಸಂಗತಿ: ಪೆಟ್ಟಿಗೆ ಗಣಕಯಂತ್ರದ ಕನ್ನಡಿಯಿದ್ದಂತೆ. ಗಣಕದ ಸಂಗ್ರಹದಲ್ಲಿ ಚಿತ್ರವೊಂದು ಅಳಿಸಿಹೋದರೆ, ಮುಂದಿನ ಸಲ ಎರಡನ್ನೂ ಜೋಡಿಸಿದಾಗ ಪೆಟ್ಟಿಗೆಯಲ್ಲಿಯೂ ಅದು ಅಳಿಯುತ್ತಿತ್ತು. ಪ್ರತಿಯೊಂದು ಕಿಸೆಯಲ್ಲಿದೆಯಲ್ಲ ಎಂಬ ಭರವಸೆಯಿಂದ ಗಣಕದ ಚಿತ್ರಗಳನ್ನು ಒರೆಸಿ ಜಾಗ ಮಾಡಿಕೊಂಡವನಿಗೆ ಎರಡೂ ಇಲ್ಲದಂತಾಗುವುದು ಹೀಗೆ. ಹಾಡಾದರೆ ಮತ್ತೆ ಕೊಳ್ಳಬಹುದು. ತೀರಿಹೋದ ಅಜ್ಜಿಯ ಚಿತ್ರವನ್ನು ಯಾವ ಅಂಗಡಿಯಲ್ಲಿ ಕೊಳ್ಳುವುದು?

ಐಪಾಡ್ ಫೋಟೋ ಎಂಬ ಹೆಸರು ಬಹುಕಾಲ ಬಾಳಲಿಲ್ಲ. ಕ್ಯಾಮರಾದಿಂದ ನೇರವಾಗಿ ಚಿತ್ರಗಳನ್ನು ಇಳಿಸಿಕೊಳ್ಳುವ 29 ಡಾಲರಿನ ಉಪಕರಣವೊಂದು 2005ರಲ್ಲಿ ಬಂದಿತು. ಅದೇ ವರ್ಷದ ಜೂನ್ ತಿಂಗಳಲ್ಲಿ ಬಣ್ಣದ ತೆರೆ ದೊಡ್ಡ ಐಪಾಡುಗಳಿಗೆಲ್ಲ ಸಾಮಾನ್ಯವಾಗಿ, ಬೇರೆ ಹೆಸರಿನ ಅಗತ್ಯವೇ ತಪ್ಪಿತು. ಅಕ್ಟೋಬರಿನಲ್ಲಿ ಚಲಚ್ಚಿತ್ರ ತೋರಿಸುವ ಐಪಾಡ್ ಹೊರಬಂದಿತು. ಅಷ್ಟು ಚಿಕ್ಕ ತೆರೆಯಲ್ಲಿ ಚಲಚ್ಚಿತ್ರ ನೋಡುವವರಾರು ಎಂದು ಹಿಂದೆ ಸಂಶಯಪಟ್ಟಿದ್ದ ಜಾಬ್ಸ್ ಅವರೇ ಅದನ್ನೂ ಹೊರತಂದರು! 2007ರಲ್ಲಿ ಐಫೋನ್ ಬಂದ ಮೇಲೆ ಉಳಿದುದು ಇಳಿಗಾಲ. ಐಪಾಡ್ ಕುಲದ ಕೊನೆಯ ಕುಡಿಯನ್ನೂ 2022ರ ಮೇ ತಿಂಗಳಲ್ಲಿ ನಿಲ್ಲಿಸಲಾಯಿತು.

ಆದರೆ ಪೆಟ್ಟಿಗೆಗಳೇನೂ ಮಾಯವಾಗಲಿಲ್ಲ. ಪರದೇಶದಿಂದ ಮರಳಿದ ಮಗನದೋ ಅಳಿಯನದೋ ಒಂದು ಐಪಾಡ್ ಯಾವುದಾದರೂ ಮನೆಯ ಬೀರುವಿನಲ್ಲಿ ಮಲಗಿರಬಹುದು. ಅದರ ಒಳಗಿನದು ತಿರುಗುವ ತಟ್ಟೆ. ವರ್ಷ ಕಳೆದಂತೆ ಸವೆಯತಕ್ಕದ್ದು. ನೋಡುವುದಾದರೆ ಬೇಗನೆ ನೋಡಬೇಕು. ಗಣಕಯಂತ್ರಕ್ಕೆ ಜೋಡಿಸಿದೊಡನೆ, ಇದರಲ್ಲಿರುವುದನ್ನು ಅಳಿಸಿ ಹೊಸದನ್ನು ತುಂಬಲೇ ಎಂದು ತಂತ್ರಾಂಶ ವಿನಯದಿಂದ ಕೇಳೀತು, ಖಂಡಿತವಾಗಿಯೂ ಬೇಡವೆನ್ನಬೇಕು. ಅನಂತರ ಪೆಟ್ಟಿಗೆಯನ್ನು ಬರಿಯ ತಟ್ಟೆಯಂತೆ ತೆರೆದು ‘ಫೋಟೋಸ್’ ಎಂಬ ಕೋಶದೊಳಗೆ ಹುಡುಕಬೇಕು. ಅಲ್ಲಿ ‘ಫುಲ್ ರೆಸಲ್ಯೂಶನ್’ ಎಂಬ ಒಳಕೋಶವಿದ್ದರೆ ಅಂದಿನ ಒಡೆಯನು ಮೂಲಚಿತ್ರಗಳನ್ನೂ ಕೇಳಿ ಪಡೆದಿದ್ದನೆಂದು ಅರ್ಥ. ‘ಥಂಬ್ಸ್’ ಎಂಬುದೊಂದೇ ಇದ್ದರೆ ಸಿಕ್ಕುವುದು ಕುಗ್ಗಿದ ಪ್ರತಿಗಳು ಮಾತ್ರ. ಅವುಗಳನ್ನೂ ಬಿಡಿಸಿ ತೆಗೆಯಬಲ್ಲ ತಂತ್ರಾಂಶಗಳುಂಟು, ತಿಳಿದವರ ಕೈಯಲ್ಲಿ ತೆಗೆಸಿ ಕಾಗದದ ಮೇಲೆ ಅಚ್ಚು ಹಾಕಿಸಬಹುದು. ಅಚ್ಚು ಸಣ್ಣದಾಗಿಯೇ ಬಂದೀತು, ಮುಖದ ಗುರುತು ಸಿಕ್ಕುವಷ್ಟು.