ಮುಯ್ಯಿಯ ಬೆಳ್ಳಿ ರೂಪಾಯಿ

ನಮ್ಮ ಕಡೆಯ ಮನೆಗಳಲ್ಲಿ ದೇವರ ಮುಂದಿಟ್ಟ ಹಳೆಯ ಬೆಳ್ಳಿ ರೂಪಾಯಿಯನ್ನು ಯಾರೂ ಪರೀಕ್ಷಿಸುವುದಿಲ್ಲ. ಹಿರಿಯರು ಹರಸಿ ಕೊಟ್ಟದ್ದನ್ನು ತಕ್ಕಡಿಗೆ ಹಾಕುವುದೆಂದರೆ ಕೊಟ್ಟವರನ್ನೇ ಸಂಶಯಿಸಿದಂತೆ ಎಂಬ ಭಾವನೆ ಬಲವಾಗಿದೆ. ಈ ಭಾವನೆ ಸರಿಯಲ್ಲವೆಂದು ಹೇಳುವುದಕ್ಕಾಗಿಯೇ ಈ ಬರಹ. ಅದಕ್ಕೆ ಕಾರಣ ನನ್ನ ಕೈಯಿಂದಲೇ ಆದ ಒಂದು ಪ್ರಮಾದ.

ಅನೇಕ ವರ್ಷಗಳ ಹಿಂದೆ ನಂಜನಗೂಡಿನ ದೊಡ್ಡ ಜಾತ್ರೆಯಲ್ಲಿ, ರಸ್ತೆಯ ಬದಿಯಲ್ಲಿ ಬಟ್ಟೆ ಹಾಸಿ ಹಳೆಯ ನಾಣ್ಯಗಳನ್ನು ಮಾರುತ್ತಿದ್ದವನೊಬ್ಬನಿಂದ ವಿಕ್ಟೋರಿಯಾ ರಾಣಿಯ ಎರಡು ರೂಪಾಯಿಗಳನ್ನು ಕೊಂಡೆ. ಆತ ಅವುಗಳನ್ನು ಕಲ್ಲಿನ ಮೇಲೆ ಹಾಕಿ ಸದ್ದು ಮಾಡಿ ತೋರಿಸಿದ, ನಾನು ತಲೆದೂಗಿದೆ. ತರಗತಿಯಲ್ಲಿ ವರ್ಷವರ್ಷವೂ ಆರ್ಕಿಮಿಡೀಸನ ತತ್ತ್ವವನ್ನು ಬೋಧಿಸುತ್ತಿದ್ದವನಿಗೆ ಆ ಹೊತ್ತಿನಲ್ಲಿ ಅದು ನೆನಪಾಗಲಿಲ್ಲ. ಒಂದನ್ನು ನಾನಿಟ್ಟುಕೊಂಡು, ಇನ್ನೊಂದನ್ನು ಟಿ. ನರಸೀಪುರದಲ್ಲಿ ನಡೆದ ತಂಗಿಯ ಮಗಳ ಮದುವೆಯಲ್ಲಿ ಸೋದರಮಾವನ ಮುಯ್ಯಿಯಾಗಿ ತಾಂಬೂಲದೊಡನೆ ಅವಳ ಕೈಗಿತ್ತೆ.

ಈಚೆಗೆ ಚಿನ್ನಬೆಳ್ಳಿ ತೂಗುವ ಸಣ್ಣ ಎಲೆಕ್ಟ್ರಾನಿಕ್ ತಕ್ಕಡಿಯೊಂದು ಮನೆಗೆ ಬಂದಿತು. ಕುತೂಹಲಕ್ಕೆಂದು ನನ್ನ ರೂಪಾಯಿಯನ್ನು ಇಟ್ಟರೆ 9.8 ಗ್ರಾಂ ತೋರಿಸಿತು. ನನಗೆ ದಿಗಿಲಾಯಿತು. ಆ ಕಾಲದ ರೂಪಾಯಿ 180 ಗ್ರೇನ್, ಅಂದರೆ 11.66 ಗ್ರಾಂ ಇರಬೇಕು. ನಮ್ಮ ಹಿರಿಯರ ‘ತೊಲ’ ಎಂಬುದೂ ಇದೇ ತೂಕ. ಕೈಯಿಂದ ಕೈಗೆ ಸವೆದ ನಾಣ್ಯ ಸ್ವಲ್ಪ ಕಡಿಮೆ ತೂಗಬಹುದು. ಆದರೆ ಅಕ್ಷರಗಳೆಲ್ಲ ಹೊಸದರಂತಿದ್ದು ಸುಮಾರು ಎರಡು ಗ್ರಾಂ ಕಡಿಮೆಯೆಂದರೆ ಅದು ಸವೆತವಲ್ಲ, ಮೋಸ.

ನರಸೀಪುರಕ್ಕೆ ಹೋಗಿ, “ನಿನ್ನ ಹತ್ತಿರ ಇರುವುದನ್ನೂ ನೋಡಬೇಕಲ್ಲಮ್ಮ” ಎಂದೆ. ಅವಳು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, “ಮಾವ, ಅದು ನನಗೆ ಹತ್ತು ವರ್ಷದ ಹಿಂದೆಯೇ ಗೊತ್ತು. ಇವರಿಗೆ ಕಾಯಿಲೆಯಾದಾಗ ಬಳೆಯ ಜೊತೆಗೆ ಅದನ್ನೂ ಅಡವಿಡಲು ಒಯ್ದಿದ್ದೆ. ಬೆಳ್ಳಿಯೇ ಅಲ್ಲ, ಎಲ್ಲಿಂದ ತಂದಿರಿ ಅಂತ ಅಂಗಡಿಯಲ್ಲಿ ನಾಲ್ಕು ಜನರ ಎದುರಿಗೆ ಕೇಳಿದರು. ನಿಮಗೆ ನೋವಾಗುತ್ತದೆ ಅಂತ ಹೇಳಲಿಲ್ಲ” ಎಂದಳು. ನಾಣ್ಯ ಇನ್ನೂ ಅವಳ ದೇವರ ಗೂಡಿನಲ್ಲಿಯೇ ಇತ್ತು.

ಹೋದದ್ದು ಒಂದು ತೊಲ ಬೆಳ್ಳಿ. ಅದನ್ನು ತುಂಬಿಕೊಡಬಹುದು, ಕೊಟ್ಟೆ. ಆದರೆ ನನ್ನ ಅಲಕ್ಷ್ಯಕ್ಕಾಗಿ ಆಕೆ ತಲೆತಗ್ಗಿಸಿ ನಿಂತ ಆ ಗಳಿಗೆಯನ್ನು ತುಂಬಿಕೊಡಲು ನನ್ನಿಂದಾಗದು.

ಪ್ರೀತಿಯಿಂದ ಕೊಟ್ಟದ್ದನ್ನು ತೂಗಬಾರದೆನ್ನುವವರಿಗೆ ನನ್ನ ಉತ್ತರವಿಷ್ಟೆ: ಹೆಣ್ಣುಮಕ್ಕಳಿಗೆ ನಾವು ಬೆಳ್ಳಿಬಂಗಾರ ಕೊಡುವುದು ಶೋಭೆಗಾಗಿ ಮಾತ್ರವಲ್ಲ, ಕಷ್ಟಕಾಲಕ್ಕೆ ಆಗಲೆಂದು. ಆದುದರಿಂದ ಪರೀಕ್ಷಿಸುವುದು ಪಡೆದವರ ಕೆಲಸವಲ್ಲ, ಕೊಡುವವರ ಕರ್ತವ್ಯ. ಪರೀಕ್ಷೆ ಕಷ್ಟವೂ ಅಲ್ಲ.

ಮೊದಲು ತೂಕ. ಅನಂತರ ನೀರು. ತಕ್ಕಡಿಯ ಮೇಲೆ ನೀರಿನ ಲೋಟವನ್ನಿಟ್ಟು ಸೊನ್ನೆಗೆ ತಂದು, ದಾರದಲ್ಲಿ ಕಟ್ಟಿದ ನಾಣ್ಯವನ್ನು ತಳಕ್ಕೂ ಅಂಚಿಗೂ ತಾಗದಂತೆ ಪೂರ್ತಿಯಾಗಿ ಮುಳುಗಿಸಿ. ಆಗ ತೋರುವ ಸಂಖ್ಯೆಯಿಂದ ನಾಣ್ಯದ ತೂಕವನ್ನು ಭಾಗಿಸಿ. ಹಳೆಯ ರೂಪಾಯಿಯಲ್ಲಿ ಹನ್ನೆರಡರಲ್ಲಿ ಹನ್ನೊಂದು ಪಾಲು ಬೆಳ್ಳಿಯಿರುವುದರಿಂದ ಭಾಗಲಬ್ಧ 10.3ರ ಆಸುಪಾಸಿನಲ್ಲಿ ಬರಬೇಕು. ನನ್ನ ನಾಣ್ಯಕ್ಕೆ ನೀರಿನಲ್ಲಿ 1.14 ಬಂದಿತು; ಭಾಗಿಸಿದರೆ 8.6. ಜರ್ಮನ್ ಸಿಲ್ವರಿನ ಸಾಂದ್ರತೆ ಅಷ್ಟೇ ಇರುತ್ತದೆ. ಅದರ ಹೆಸರಿನಲ್ಲಿ ಬೆಳ್ಳಿಯಿದ್ದರೂ ಒಡಲಿನಲ್ಲಿರುವುದು ತಾಮ್ರ, ನಿಕ್ಕಲ್, ಸತು.

ಮೂರನೆಯದು ಕಣ್ಣು. ಟಂಕಿಸಿದ ನಾಣ್ಯದ ಅಂಚಿನ ಗೆರೆಗಳು ಒಂದೇ ಸಮನಾಗಿರುತ್ತವೆ. ಎರಕ ಹೊಯ್ದದ್ದರಲ್ಲಿ ಅಂಚಿನಲ್ಲಿ ಬೆಸುಗೆಯ ಗೆರೆ, ಮೈಮೇಲೆ ಸೂಜಿಮೊನೆಯಷ್ಟು ಗುಳಿಗಳು ಕಾಣಬಹುದು. ಇಸವಿಯನ್ನೂ ಓದಿ. ರೂಪಾಯಿಯ ಮೇಲೆ ವಿಕ್ಟೋರಿಯಾ ‘ರಾಣಿ’ ಹೋಗಿ ‘ಸಾಮ್ರಾಜ್ಞಿ’ ಆದದ್ದು 1877ರಿಂದ. ‘ಎಂಪ್ರೆಸ್’ ಎಂಬ ಪದದೊಡನೆ 1862 ಎಂದು ಕಂಡರೆ ಮತ್ತೇನನ್ನೂ ನೋಡಬೇಕಾಗಿಲ್ಲ. ಶ್ರೀರಂಗಪಟ್ಟಣದ್ದೆಂದು ಟಿಪ್ಪು ಸುಲ್ತಾನನ ಮುಖವಿರುವ ಬೆಳ್ಳಿ ನಾಣ್ಯವನ್ನು ಯಾರಾದರೂ ತೋರಿಸಿದರೂ ಅಷ್ಟೆ; ಅವನ ನಾಣ್ಯಗಳಲ್ಲಿ ಬರಹವಿದೆ, ತಾಮ್ರದವುಗಳಲ್ಲಿ ಆನೆಯಿದೆ, ಅವನ ಮುಖ ಇಲ್ಲವೇ ಇಲ್ಲ.

ಅರ್ಧ ತಿಳಿವಳಿಕೆಯಿಂದ ಒಳ್ಳೆಯ ನಾಣ್ಯವನ್ನು ಕೆಟ್ಟದ್ದೆನ್ನುವ ಅಪಾಯವೂ ಉಂಟು. ಎರಡನೆಯ ಮಹಾಯುದ್ಧದ ಕಾಲದಲ್ಲಿ, 1940ರಿಂದ, ರೂಪಾಯಿಯ ಬೆಳ್ಳಿಯನ್ನು ಅರ್ಧಕ್ಕೆ ಇಳಿಸಿದರು. ಆರನೆಯ ಜಾರ್ಜ್ ದೊರೆಯ ಆ ರೂಪಾಯಿಗಳು ನೀರಿನ ಪರೀಕ್ಷೆಯಲ್ಲಿ 10.3ಕ್ಕೆ ಬರುವುದಿಲ್ಲ, ಆದರೂ ಅವು ಸಾಚಾ. ಬೆನ್ನಿನಲ್ಲಿ ಹುಲಿಯಿರುವ 1947ರ ರೂಪಾಯಿ ಅಪ್ಪಟ ನಿಕ್ಕಲ್. ಅಯಸ್ಕಾಂತಕ್ಕೆ ಅಂಟುತ್ತದೆ, ಅದೂ ಸಾಚಾ. ವಿಕ್ಟೋರಿಯಾ ರೂಪಾಯಿ ಅಂಟಿದರೆ ಮಾತ್ರ ಖೋಟಾ. ಆದರೆ ಅಂಟಲಿಲ್ಲವೆಂದು ನೆಮ್ಮದಿಯಿಂದಿರುವಂತಿಲ್ಲ, ಜರ್ಮನ್ ಸಿಲ್ವರೂ ಸಾಮಾನ್ಯವಾಗಿ ಅಂಟುವುದಿಲ್ಲ. 1939ರಂತಹ ಅಪರೂಪದ ಇಸವಿಯ ರೂಪಾಯಿಯನ್ನು ನಿಜವಾದ ಬೆಳ್ಳಿಯಲ್ಲಿಯೇ ನಕಲು ಮಾಡಿದ್ದರೆ ತಕ್ಕಡಿಯೂ ಸೋಲುತ್ತದೆ. ಅಲ್ಲಿ ನಾಣ್ಯತಜ್ಞರೇ ಗತಿ. ಬೆಳ್ಳಿಯ ಬೆಲೆಗಿಂತ ಹೆಚ್ಚಿಗೆ ಕೊಟ್ಟು ಕೊಳ್ಳುವವರು ರಸೀದಿಯಿಲ್ಲದೆ ಕೊಳ್ಳಬಾರದು. ಹಳೆಯ ನಾಣ್ಯಗಳಿಗೆ ಲಕ್ಷಗಟ್ಟಲೆ ಕೊಡಿಸುವುದಾಗಿ ತನ್ನ ಹೆಸರು ಹೇಳಿ ಶುಲ್ಕ ಕೇಳುವವರ ವಿಷಯದಲ್ಲಿ ರಿಸರ್ವ್ ಬ್ಯಾಂಕೇ 2021ರಲ್ಲಿ ಎಚ್ಚರಿಕೆ ನೀಡಿದೆ.

ನಮ್ಮ ಶಾಲೆಗಳ ಬಗ್ಗೆಯೂ ಒಂದು ಮಾತು. ಸಾಂದ್ರತೆಯ ಪಾಠವನ್ನು ಕಲ್ಲಿನ ತುಂಡಿನಿಂದ ಮಾಡಿ ಮುಗಿಸುತ್ತಿದ್ದವನು ನಾನು. ಅದರ ಬದಲು, ಮನೆಯಲ್ಲಿರುವ ಹಳೆಯ ರೂಪಾಯಿಯನ್ನು ಹೇಗೆ ಪರೀಕ್ಷಿಸಬೇಕೆಂದು ತೋರಿಸಿದ್ದರೆ ಎಷ್ಟೋ ಮನೆಗಳಿಗೆ ಆ ಪಾಠ ತಲುಪುತ್ತಿತ್ತು. ಇಂದಿನ ಅಧ್ಯಾಪಕ ಮಿತ್ರರು ಆ ಕೆಲಸ ಮಾಡಲಿ.

ಖೋಟಾ ಎಂದು ತಿಳಿದ ನಾಣ್ಯವನ್ನು ಮತ್ತೊಬ್ಬರಿಗೆ ದಾಟಿಸಬೇಡಿ. ಮೋಸಹೋದವನು ಆ ಗಳಿಗೆಯಿಂದ ಮೋಸಗಾರನಾಗುತ್ತಾನೆ. ಮತ್ತು ಕೊಟ್ಟವರು ಬದುಕಿದ್ದರೆ ಅವರಿಗೆ ಹೇಳಿ. ಮೌನವನ್ನು ನಾವು ಮರ್ಯಾದೆಯೆಂದು ತಿಳಿಯುತ್ತೇವೆ. ನನ್ನ ಸೋದರ ಸೊಸೆ ನನ್ನ ಮರ್ಯಾದೆಯನ್ನು ಕಾಯಲು ಹತ್ತು ವರ್ಷ ಒಬ್ಬಳೇ ನೊಂದಳು. ಅಂದೇ ಹೇಳಿದ್ದರೆ ಅಂದೇ ಕ್ಷಮೆ ಕೇಳುತ್ತಿದ್ದೆ.

ನರಸೀಪುರದ ಗುಂಜಾ ನರಸಿಂಹಸ್ವಾಮಿಯ ಸನ್ನಿಧಿಯಲ್ಲಿ, ಈ ಕ್ಷೇತ್ರ ಕಾಶಿಗಿಂತ ಒಂದು ಗುಲಗಂಜಿ ತೂಕ ಹೆಚ್ಚು ಎಂದು ಹಿರಿಯರು ಹೇಳುತ್ತ ಬಂದಿದ್ದಾರೆ. ನಮ್ಮ ಅಕ್ಕಸಾಲಿಗರು ಬಂಗಾರ ತೂಗುತ್ತಿದ್ದುದೂ ಅದೇ ಗುಲಗಂಜಿಯಿಂದ. ಕ್ಷೇತ್ರವನ್ನೇ ತೂಗಿ ನೋಡಿದ ಊರಿನಲ್ಲಿ ಒಂದು ರೂಪಾಯಿಯನ್ನು ತೂಗುವುದು ಅಪಚಾರವೇನೂ ಅಲ್ಲ. ಈ ಹಬ್ಬಕ್ಕೆ ಬೆಳ್ಳಿ ರೂಪಾಯಿಯನ್ನು ಪೂಜೆಗಿಡುವ ಮುನ್ನ ಒಮ್ಮೆ ತೂಗಿ ನೋಡಿ.